‘ನೆಟ್ ಸ್ಲೋ’ ಅನ್ನೋ ಮೊದಲು ನೋಡಿ: ಟಿಸಿಪಿಯೋ, ಯುಡಿಪಿಯೋ?

ಹುಬ್ಬಳ್ಳಿಯಲ್ಲಿ ಅಂಗಡಿ, ಗೋದಾಮು, ಸಣ್ಣ ಕಚೇರಿಗಳಿಗೆ ಕೇಬಲ್ ಎಳೆದು ರೂಟರ್, ಕ್ಯಾಮೆರಾ ಕೂಡಿಸುವುದು ನನ್ನ ಕೆಲಸ. ಫೋನ್ ದುರ್ಗದಬೈಲಿನಿಂದ ಬರಲಿ, ಬ್ಯಾಡಗಿಯಿಂದ ಬರಲಿ, ಮಾತು ಒಂದೇ: “ಸರ್ರ, ನೆಟ್ ಭಾಳ ಸ್ಲೋ ಐತ್ರಿ.” ನಾನು ತಿರುಗಿ ಕೇಳುವುದೂ ಒಂದೇ: “ಯಾವುದು ಸ್ಲೋ ಐತ್ರಿ? ಬಿಲ್ಲಿಂಗಾ, ಕ್ಯಾಮೆರಾನಾ, ವಿಡಿಯೋ ಕಾಲಾ?”

ಸುಮ್ನೆ ಕೇಳುವುದಲ್ಲ. ಈ ಮೂರೂ ಒಂದೇ ತಂತಿಯಲ್ಲಿ ಹೋದರೂ ಹೋಗುವ ರೀತಿ ಬೇರೆ. ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ತೋರಿಸುವ ಲೈನಿನಲ್ಲೇ ಕ್ಯಾಮೆರಾ ಚಿತ್ರ ಚೂರು ಚೂರಾಗಬಹುದು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ರೂಟರ್ ಬದಲಿಸುವ ಮಾತು ಆಮೇಲೆ.

ಥಿಯರಿ ಎಷ್ಟು ಬೇಕೋ ಅಷ್ಟು ಹೇಳುತ್ತೇನೆ. ಮಾಹಿತಿ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ಐಪಿ ಅನ್ನೋ ನಿಯಮ ವಿಳಾಸ ನೋಡಿ ಪ್ಯಾಕೆಟ್ಟನ್ನು ಸರಿಯಾದ ಕಂಪ್ಯೂಟರ್ ಕಡೆ ಕಳಿಸುತ್ತದೆ, ಅಷ್ಟೇ. ತಲುಪಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಆ ಕಂಪ್ಯೂಟರಿನ ಯಾವ ಪ್ರೋಗ್ರಾಮಿಗೆ ಸೇರಬೇಕು, ದಾರಿಯಲ್ಲಿ ಕಳೆದುಹೋದರೆ ಏನು ಮಾಡಬೇಕು ಅನ್ನೋದನ್ನು ಮೇಲಿನ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್, ಅಂದರೆ ಸಾಗಣೆಯ ನಿಯಮ, ನೋಡಿಕೊಳ್ಳುತ್ತದೆ. ಟಿಸಿಪಿ, ಯುಡಿಪಿ ಅಂಥವು.

ಯುಡಿಪಿ ತೀರಾ ಸರಳ. 1980ರಲ್ಲಿ ಬಂದ ಅದರ ದಾಖಲೆ ಮೂರೇ ಪುಟ. ಹೆಡರ್, ಅಂದರೆ ಪ್ಯಾಕೆಟ್ಟಿನ ತಲೆಗೆ ಅಂಟಿಸುವ ಚೀಟಿ, 8 ಬೈಟ್: ಎರಡು ಪೋರ್ಟ್ ನಂಬರ್ (ಯಾವ ಪ್ರೋಗ್ರಾಮ್ ಅನ್ನೋ ಗುರುತು), ಉದ್ದ, ತಪ್ಪು ಹಿಡಿಯುವ ಚೆಕ್‌ಸಮ್. ಕಳಿಸಿತು, ಮರೆಯಿತು. ಟಿಸಿಪಿಯ ಹೆಡರ್ ಕಡಿಮೆ ಎಂದರೂ 20 ಬೈಟ್. ಮೊದಲು ಎರಡೂ ಕಡೆ ಮೂರು ಪ್ಯಾಕೆಟ್‌ಗಳ ಪರಿಚಯ ಆಗಬೇಕು. ಆಮೇಲೆ ಪ್ರತಿ ಬೈಟ್‌ಗೂ ನಂಬರ್, ಬಂದದ್ದಕ್ಕೆ ರಸೀದಿ. ರಸೀದಿ ಬರದಿದ್ದರೆ ಮತ್ತೆ ಕಳಿಸುತ್ತದೆ.

ಇಲ್ಲೊಂದು ಕಿರಿಕಿರಿ ಇದೆ. ಲಾರಿಯಿಂದ ನಂಬರ್ ಹಾಕಿದ ಮೆಣಸಿನಕಾಯಿ ಚೀಲ ಇಳಿಯುತ್ತಿವೆ ಅಂದುಕೊಳ್ಳಿ. ಏಳನೇ ಚೀಲ ಬಂದಿಲ್ಲ. ಎಂಟು, ಒಂಬತ್ತು, ಹತ್ತು ಬಾಗಿಲಲ್ಲೇ ಇವೆ, ಆದರೆ ಏಳು ಬರುವ ತನಕ ಒಂದನ್ನೂ ಒಳಗೆ ಬಿಡುವುದಿಲ್ಲ. ಟಿಸಿಪಿ ಹೀಗೆ ಕಾಯಿಸುತ್ತದೆ. ಬಿಲ್ಲಿಂಗ್‌ಗೆ ಇದೇ ಬೇಕು, ಒಂದು ಅಂಕಿ ತಪ್ಪಿದರೂ ನಡೆಯುವುದಿಲ್ಲ. ವಿಡಿಯೋ ಕಾಲ್‌ಗೆ ಬೇಡ. ಆಗಲೇ ಆಡಿ ಮುಗಿದ ಮಾತಿನ ಚೂರು ತಡವಾಗಿ ಬಂದು ಏನು ಮಾಡಬೇಕು?

ಈಗ ಕಣ್ಣಿಂದ ನೋಡೋಣ. ವಿಂಡೋಸ್ ಇದ್ದರೆ ರಿಸೋರ್ಸ್ ಮಾನಿಟರ್ ತೆಗೆಯಿರಿ, ನೆಟ್‌ವರ್ಕ್ ಟ್ಯಾಬಿಗೆ ಹೋಗಿ. ‘ಟಿಸಿಪಿ ಕನೆಕ್ಷನ್ಸ್’ ಪಟ್ಟಿಯಲ್ಲಿ ಯಾವ ಪ್ರೋಗ್ರಾಮ್ ಯಾವ ವಿಳಾಸದ ಜೊತೆ ಮಾತಾಡುತ್ತಿದೆ, ಎಷ್ಟು ಶೇಕಡಾ ಪ್ಯಾಕೆಟ್ ಕಳೆಯುತ್ತಿದೆ, ಎಷ್ಟು ಮಿಲಿಸೆಕೆಂಡ್ ತಡ ಎಲ್ಲವೂ ಇರುತ್ತದೆ. ದುಡ್ಡು ಕೊಡದೆ ಸಿಗುವ ಇಂಥ ಸಾಧನವನ್ನು ನಮ್ಮ ಕಡೆ ಬಹಳ ಜನ ತೆರೆದೇ ನೋಡಿಲ್ಲ. ಒಂದು ಎಚ್ಚರ: ಯುಡಿಪಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದು ಕೆಳಗಿನ ‘ಲಿಸನಿಂಗ್ ಪೋರ್ಟ್ಸ್’ನಲ್ಲಿ ಕಾಣುತ್ತದೆ.

ಬ್ರೌಸರ್ ನೋಡಬೇಕೆಂದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ. ನೆಟ್‌ವರ್ಕ್ ಟ್ಯಾಬಿನಲ್ಲಿ ಕಾಲಮ್‌ಗಳ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೋಟೋಕಾಲ್’ ಆರಿಸಿ, ಪುಟವನ್ನು ರೀಲೋಡ್ ಮಾಡಿ. ಎಚ್2, ಎಚ್3 ಅಂದರೆ ವೆಬ್ ಪುಟ ತರುವ ಎಚ್‌ಟಿಟಿಪಿಯ ಆವೃತ್ತಿಗಳು. ಎಚ್2 ಅಂತ ಇದ್ದರೆ ಟಿಸಿಪಿ. ಎಚ್3 ಇದ್ದರೆ ಕ್ವಿಕ್ ಎಂಬ ಹೊಸ ಪ್ರೋಟೋಕಾಲ್. ಮೊದಲ ಸಲ ಎಚ್2 ಬಂದು, ಎರಡನೇ ಸಲ ಎಚ್3 ಬಂದರೆ ಗಾಬರಿ ಬೇಡ. ತನ್ನಲ್ಲಿ ಎಚ್3 ಇದೆ ಅಂತ ಸರ್ವರ್ ಹೇಳಿದ ಮೇಲೆ ಬ್ರೌಸರ್ ಆ ಕಡೆ ಹೊರಳುತ್ತದೆ.

ಕ್ವಿಕ್ ಗೂಗಲ್‌ನಲ್ಲಿ ಹುಟ್ಟಿ, 2021ರ ಮೇ ತಿಂಗಳಲ್ಲಿ ಎಲ್ಲರಿಗೂ ಅನ್ವಯಿಸುವ ಸ್ಟ್ಯಾಂಡರ್ಡ್ ಆಯಿತು. ಇದು ಯುಡಿಪಿ ಮೇಲೆ ಕೂತಿದೆ. ಆದರೆ ರಸೀದಿ, ಮತ್ತೆ ಕಳಿಸುವುದು, ಎನ್‌ಕ್ರಿಪ್ಷನ್ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಒಂದು ಪುಟದ ಹತ್ತು ಚಿತ್ರಗಳನ್ನು ಹತ್ತು ಬೇರೆ ಸಾಲಿನಲ್ಲಿ ತರುವುದರಿಂದ ಒಂದರಲ್ಲಿ ಪ್ಯಾಕೆಟ್ ಬಿದ್ದರೆ ಉಳಿದ ಒಂಬತ್ತು ನಿಲ್ಲುವುದಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೂ ಕನೆಕ್ಷನ್ ಮುಂದುವರಿಯಬಹುದು, ಯಾಕೆಂದರೆ ಅದಕ್ಕೆ ಐಪಿ ವಿಳಾಸಕ್ಕೆ ಅಂಟಿಕೊಳ್ಳದ ತನ್ನದೇ ಗುರುತಿದೆ. “ಯುಡಿಪಿ ಡೇಂಜರ್” ಅಂತ ಫೈರ್‌ವಾಲ್‌ನಲ್ಲಿ ಎಲ್ಲವನ್ನೂ ಮುಚ್ಚುವವರು ಇದನ್ನೂ ಮುಚ್ಚುತ್ತಾರೆ. ಬ್ರೌಸರ್ ಟಿಸಿಪಿಗೆ ಮರಳಿ ಹೇಗೋ ನಡೆಸುತ್ತದೆ. ಆದರೆ ಆ ಸೌಲಭ್ಯ ಹೋಯಿತು, ಅಲ್ವಾ? ಪರೀಕ್ಷೆಗೆ ಅಂತ ಕ್ವಿಕ್ ಬಳಸುವ ಯುಡಿಪಿ 443 ಪೋರ್ಟನ್ನು ಸ್ವಲ್ಪ ಹೊತ್ತು ಮುಚ್ಚಿ ನೋಡಿ, ಹಾಗೇ ಬಿಟ್ಟು ಬರಬೇಡಿ.

ಎಷ್ಟು ವೇಗವಾಗಿ ಕಳಿಸಬೇಕು ಅನ್ನೋ ಲೆಕ್ಕದಲ್ಲಿ ಟಿಸಿಪಿಯಲ್ಲೂ ತಳಿಗಳಿವೆ. ಅವು ಹುಟ್ಟಿದ್ದಕ್ಕೆ ಕಾರಣ 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ನಡೆದದ್ದು. ಲಾರೆನ್ಸ್ ಬರ್ಕ್ಲಿ ಲ್ಯಾಬಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಇದ್ದ ದೂರ ಸುಮಾರು 400 ಗಜ. ನಡುವಿನ ವೇಗ 32 ಕೆಬಿಪಿಎಸ್‌ನಿಂದ ಸೆಕೆಂಡಿಗೆ 40 ಬಿಟ್‌ಗೆ ಬಿತ್ತು. ದಾರಿ ಗಿಜಿಗುಡುತ್ತಿದ್ದರೂ ಎಲ್ಲರೂ ಕಳಿಸಿದ್ದನ್ನೇ ಮತ್ತೆ ಮತ್ತೆ ತುರುಕುತ್ತಿದ್ದರು. 1988ರಲ್ಲಿ ಆ ಲ್ಯಾಬಿನ ವ್ಯಾನ್ ಜೇಕಬ್‌ಸನ್ ಇದಕ್ಕೆ ಮದ್ದು ಬರೆದರು: ನಿಧಾನವಾಗಿ ಶುರು ಮಾಡು, ರಸೀದಿ ಬಂದಂತೆ ಏರಿಸು, ಪ್ಯಾಕೆಟ್ ಬಿದ್ದರೆ ತಗ್ಗಿಸು. ಟಾಹೋ, ರೀನೋ ಆ ಸಾಲಿನವು. 2006ರಿಂದ ಲಿನಕ್ಸ್‌ನಲ್ಲಿ ಕ್ಯೂಬಿಕ್ ಇದೆ, ಈಗ ವಿಂಡೋಸ್‌ನಲ್ಲೂ ಅದೇ. 2016ರಲ್ಲಿ ಗೂಗಲ್ ತಂದ ಬಿಬಿಆರ್ ಬೇರೆ ದಾರಿ ಹಿಡಿಯಿತು. ಪ್ಯಾಕೆಟ್ ಬಿದ್ದ ಕೂಡಲೇ ದಾರಿ ತುಂಬಿದೆ ಅಂದುಕೊಳ್ಳದೆ, ಎಷ್ಟು ಅಗಲ, ಎಷ್ಟು ತಡ ಅಂತ ಅಳೆದು ಕಳಿಸುತ್ತದೆ.

“ಬಿಬಿಆರ್ ಹಾಕ್ರಿ, ನೆಟ್ ಓಡ್ತದ” ಎನ್ನುವ ವಿಡಿಯೋ ನೋಡಿ ಬಂದವರಿಗೆ ಒಂದು ಮಾತು. ಈ ಲೆಕ್ಕವೆಲ್ಲ ಕಳಿಸುವವನ ಕೈಯಲ್ಲಿದೆ. ನಿಮ್ಮ ಕಂಪ್ಯೂಟರಿನಲ್ಲಿ ಬದಲಿಸಿದರೆ ನೀವು ಕಳಿಸುವುದಕ್ಕೆ ಮಾತ್ರ ಅನ್ವಯ. ಡೌನ್‌ಲೋಡ್ ಹೇಗೆ ಬರಬೇಕು ಅನ್ನೋದನ್ನು ಆ ಕಡೆಯ ಸರ್ವರ್ ನಿರ್ಧರಿಸುತ್ತದೆ.

ಲೈನ್ ಅಳೆಯಲು ನಾನು ಬಳಸುವುದು ಐಪರ್ಫ್3 ಎಂಬ ಪ್ರೋಗ್ರಾಮ್. ಎರಡು ತುದಿಗೆ ಎರಡು ಲ್ಯಾಪ್‌ಟಾಪ್ ಇಡಿ. ಮೊದಲು ಟಿಸಿಪಿ, ಆಮೇಲೆ ಯುಡಿಪಿ. ಯುಡಿಪಿಯಲ್ಲಿ ವೇಗ ನೀವೇ ಹೇಳದಿದ್ದರೆ ಅದು 1 ಎಂಬಿಪಿಎಸ್ ಮಾತ್ರ ಕಳಿಸುತ್ತದೆ. ಅದನ್ನು ನೋಡಿ ಲೈನ್ ಸತ್ತಿದೆ ಅಂತ ತೀರ್ಪು ಕೊಡಬೇಡಿ. 10, 20, 40 ಅಂತ ಏರಿಸುತ್ತಾ ಹೋಗಿ, ಎಲ್ಲಿಂದ ಪ್ಯಾಕೆಟ್ ಕಳೆಯಲು ಶುರುವಾಗುತ್ತದೆ, ಜಿಟರ್ (ಪ್ಯಾಕೆಟ್ ಬರುವ ತಡದ ಏರಿಳಿತ) ಎಲ್ಲಿ ಹಾರುತ್ತದೆ ಬರೆದಿಟ್ಟುಕೊಳ್ಳಿ.

ನನಗೆ ಜಾಸ್ತಿ ಕರೆ ಬರುವುದು ಕ್ಯಾಮೆರಾಗೆ. ಬ್ಯಾಡಗಿ ಕಡೆಯ ಗೋದಾಮುಗಳಲ್ಲಿ ಮುಖ್ಯ ಕಟ್ಟಡದಿಂದ ಹಿಂದಿನ ಶೆಡ್ಡಿಗೆ ವೈರ್‌ಲೆಸ್ ಲಿಂಕ್ ಇರುತ್ತದೆ. ಅಲ್ಲಿ ಪ್ಯಾಕೆಟ್ ಬೀಳುವುದು ಸಾಮಾನ್ಯ. ಕ್ಯಾಮೆರಾದ ಆರ್‌ಟಿಎಸ್‌ಪಿ (ವಿಡಿಯೋ ಶುರು ಮಾಡು, ನಿಲ್ಲಿಸು ಅಂತ ಹೇಳುವ ಪ್ರೋಟೋಕಾಲ್) 554ನೇ ಪೋರ್ಟಿನಲ್ಲಿ ಮಾತು ಶುರುಮಾಡುತ್ತದೆ. ವಿಡಿಯೋ ಮಾತ್ರ ಯುಡಿಪಿಯಲ್ಲೂ ಬರಬಹುದು, ಅದೇ ಟಿಸಿಪಿ ಕನೆಕ್ಷನ್ ಒಳಗೂ ಬರಬಹುದು. ರೋಗ ಗುರುತಿಸುವುದು ಸುಲಭ. ಚಿತ್ರ ಬೂದು, ಹಸಿರು ಚೌಕಗಳಾಗಿ ಒಡೆದು ಸ್ವಲ್ಪ ಹೊತ್ತಿಗೆ ಸರಿಯಾದರೆ ಅದು ಯುಡಿಪಿ. ಮುಂದಿನ ಪೂರ್ತಿ ಫ್ರೇಮ್ ಬರುವ ತನಕ ಆ ಕಲೆ ಹೋಗುವುದಿಲ್ಲ. ಚಿತ್ರ ಸ್ವಚ್ಛ ಇದ್ದು ನಿಂತು ನಿಂತು ಓಡಿದರೆ, ಹಮಾಲರು ಗೇಟ್ ದಾಟಿ ಹೋದ ಮೇಲೆ ಪರದೆ ಮೇಲೆ ಬಂದರೆ, ಅದು ಟಿಸಿಪಿ. ಖಾತ್ರಿಗೆ, ವಿಡಿಯೋ ನೋಡುವ ಪ್ರೋಗ್ರಾಮ್ ಆದ ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ‘ಇನ್‌ಪುಟ್ / ಕೋಡೆಕ್ಸ್’ಗೆ ಹೋಗಿ, ‘ಆರ್‌ಟಿಪಿ ಓವರ್ ಆರ್‌ಟಿಎಸ್‌ಪಿ’ (ವಿಡಿಯೋ ಟಿಸಿಪಿ ಒಳಗೇ ಬರುವ ಆಯ್ಕೆ) ಆರಿಸಿ ಅದೇ ಕ್ಯಾಮೆರಾ ಮತ್ತೆ ನೋಡಿ. ರೆಕಾರ್ಡಿಂಗ್‌ಗೆ ನಾನು ಟಿಸಿಪಿ ಇಡುತ್ತೇನೆ. ಕಳುವಾದಾಗ ಮುಖ ಕಾಣಬೇಕಲ್ಲ. ಗೇಟಿನಲ್ಲಿ ಕೂತು ಆ ಕ್ಷಣವೇ ನೋಡುವವರಿಗೆ ಯುಡಿಪಿ.

ಗದಗಿನ ಬ್ರಾಂಚನ್ನು ಹುಬ್ಬಳ್ಳಿ ಅಂಗಡಿಗೆ ಇಂಟರ್ನೆಟ್ ಒಳಗಿನ ಖಾಸಗಿ ದಾರಿಯಾದ ವಿಪಿಎನ್‌ನಲ್ಲಿ ಸೇರಿಸುವಾಗ ಯುಡಿಪಿಯನ್ನೇ ಆರಿಸಿ. ಟಿಸಿಪಿ ಒಳಗೆ ಟಿಸಿಪಿ ಹಾಕಿದರೆ, ಪ್ಯಾಕೆಟ್ ಬಿದ್ದಾಗ ಒಳಗಿನದೂ ಹೊರಗಿನದೂ ಮತ್ತೆ ಕಳಿಸಲು ಹೋಗಿ ಲೈನ್ ಕಟ್ಟಿಕೊಳ್ಳುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್ ಅಂತೂ ಯುಡಿಪಿ ಮಾತ್ರ. ರೂಟರ್‌ಗಳು ಸುಮ್ಮನಿರುವ ಯುಡಿಪಿಯನ್ನು ಬೇಗ ಮರೆಯುತ್ತವೆ. ಅದಕ್ಕೇ, ಲೈನ್ ಜೀವಂತ ಇದೆ ಅಂತ ಆಗಾಗ ನೆನಪಿಸುವ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಡಿಎನ್‌ಎಸ್‌ಗೆ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) 53ನೇ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ಬಿಡಿ. ಉತ್ತರ ದೊಡ್ಡದಾದರೆ ಅದು ಯುಡಿಪಿ ಬಿಟ್ಟು ಟಿಸಿಪಿಯಲ್ಲಿ ಮತ್ತೆ ಕೇಳುತ್ತದೆ.

ಎಸ್‌ಸಿಟಿಪಿ, ಡಿಸಿಸಿಪಿ ಅಂತ ಬೇರೆ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್‌ಗಳೂ ಇವೆ. ಮೊದಲನೆಯದು 4ಜಿ ಟವರ್‌ಗೂ ಕಂಪನಿಯ ಕೋರ್ ನೆಟ್‌ವರ್ಕ್‌ಗೂ ನಡುವೆ ಕೆಲಸ ಮಾಡುತ್ತದೆ. ಎರಡನೆಯದು ಅಂಗಡಿಯ ಲೈನಿನಲ್ಲಿ ಸಿಗುವಂಥದ್ದಲ್ಲ.

ಇಷ್ಟಾದ ಮೇಲೆ ನೆಟ್ ಕಂಪನಿಗೆ ಫೋನ್ ಮಾಡಿ. “ನೆಟ್ ಸ್ಲೋ” ಅಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. “ಒಳಗಿನ ಲೈನ್ ಸರಿ ಇದೆ. ಹೊರಗಿನ ಸರ್ವರಿಗೆ ಯುಡಿಪಿ 20 ಎಂಬಿಪಿಎಸ್ ಕಳಿಸಿದರೆ ಸಂಜೆ ಹೊತ್ತು ಇಷ್ಟು ಶೇಕಡಾ ಬೀಳುತ್ತಿದೆ, ಬೆಳಗ್ಗೆ ಬೀಳುವುದಿಲ್ಲ” ಅಂತ ಬರೆದಿಟ್ಟ ಅಂಕಿ ಓದಿ. ಆಗ ಲೈನ್‌ಮನ್ ಕಳಿಸುತ್ತಾರೆ.