ಕಾಫಿ ತೋಟದ ನಡುವೆ ಒಂಬತ್ತು ಹೋಲು: ಮೇ ತಿಂಗಳಿಂದ ಏಪ್ರಿಲ್‌ವರೆಗಿನ ಕೆಲಸ

ದಕ್ಷಿಣ ಕೊಡಗಿನ ರೋಬಸ್ಟಾ ತೋಟದ ಮಧ್ಯೆ, ಬಾಣೆಯ (ಗದ್ದೆಗೆ ಹೊಂದಿಕೊಂಡ ಗುಡ್ಡದ) ಜಾಗದಲ್ಲಿರುವ ಒಂಬತ್ತು ಹೋಲಿನ ಮನೆತನದ ಗಾಲ್ಫ್ ಕೋರ್ಸು ನಮ್ಮದು. ಕ್ಲಬ್ಬಿಲ್ಲ, ಸಮಿತಿಯಿಲ್ಲ. ತೋಟದ ಪಂಪು, ತೋಟದ ಟ್ರ್ಯಾಕ್ಟರು, ತೋಟದ ಕೆರೆಯೇ ಇದಕ್ಕೂ ಆಗಬೇಕು. ಗಾಲ್ಫ್ ಕೋರ್ಸಿನ ನಿರ್ವಹಣೆ ಬಗ್ಗೆ ಸಿಗುವ ಮಾಹಿತಿಯೆಲ್ಲ ಬಹುಪಾಲು ಅಮೆರಿಕ, ಇಂಗ್ಲೆಂಡಿನ ಹವೆಗೆ ಹೊಂದುವಂಥದ್ದು. ಅಲ್ಲಿ ಕೋರ್ಸು ಮುಚ್ಚಿಸುವುದು ಚಳಿ, ಇಲ್ಲಿ ಮಳೆ. ಆದ್ದರಿಂದ ನಮ್ಮ ಕೆಲಸದ ವರ್ಷ ಮೇ ತಿಂಗಳಲ್ಲಿ ಶುರುವಾಗುತ್ತದೆ.

ದುಡ್ಡು, ಆಳು, ನೀರು ಮೂರೂ ಮೊದಲು ಗ್ರೀನಿಗೆ, ಅಂದರೆ ಬಾಲು ಬೀಳಬೇಕಾದ ಕುಳಿಯ (ಕಪ್ಪಿನ) ಸುತ್ತ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ. ಒಂದು ಗ್ರೀನ್ ಸುಮಾರು 400 ಚದರ ಮೀಟರ್, ಒಂಬತ್ತೂ ಸೇರಿದರೆ 3,600. ಒಂದು ಎಕರೆ ಕೂಡ ಆಗುವುದಿಲ್ಲ. ಅಷ್ಟು ಜಾಗ ಸಮವಾಗಿ, ಗಟ್ಟಿಯಾಗಿ ಇದ್ದರೆ ಆಡುವವರು ಮತ್ತೆ ಬರುತ್ತಾರೆ. ಗ್ರೀನಿನವರೆಗೆ ಬಾಲು ಹೊಡೆದುಕೊಂಡು ಹೋಗುವ ಹುಲ್ಲಿನ ಹಾದಿ, ಅಂದರೆ ಫೇರ್‌ವೇಯಲ್ಲಿ ಗರಿಕೆಯ ಜೊತೆ ಕಾರ್ಪೆಟ್ ಹುಲ್ಲು ಬೆರೆತಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಗ್ರೀನಿನಲ್ಲಿ ಇರುವುದು ಟಿಫ್‌ಡ್ವಾರ್ಫ್, ಗರಿಕೆಯದೇ ಹೈಬ್ರಿಡ್. ಅದಕ್ಕೆ ಬೀಜವಿಲ್ಲ, ಬಳ್ಳಿಯ ತುಂಡು ನೆಟ್ಟೇ ಬೆಳೆಸಬೇಕು. ಹಾಗಾಗಿ ಗ್ರೀನಿನಲ್ಲಿರುವಂಥದೇ ಮರಳಿನ ಹಾಸಿನ ಮೇಲೆ 40–50 ಚದರ ಮೀಟರಿನ ನರ್ಸರಿ ಪಾತಿಯೊಂದನ್ನು ಯಾವಾಗಲೂ ಇಟ್ಟುಕೊಂಡಿರಬೇಕು. ನರ್ಸರಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕಾಡುಹಂದಿ ಗ್ರೀನನ್ನು ಮಗುಚಿಹೋದ ಮರುದಿನ ನರ್ಸರಿಯ ಬೆಲೆ ತಿಳಿಯುತ್ತದೆ.

ಮೇ ಮೊದಲ ವಾರದಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಳೆ ಒಂದೆರಡು ಬಿದ್ದು ಹುಲ್ಲು ಜೋರಾಗಿ ಚಿಗುರುವಾಗ, ನೀರು, ಗಾಳಿ ಒಳಗಿಳಿಯಲೆಂದು ಗ್ರೀನಿಗೆ ತೂತು ಹೊಡೆಯುತ್ತೇವೆ. 12 ಮಿಲಿಮೀಟರ್ ಅಗಲದ ಟೊಳ್ಳು ಕೊಳವೆ, 7–8 ಸೆಂಟಿಮೀಟರ್ ಆಳ, 5 ಸೆಂಟಿಮೀಟರಿಗೊಂದರಂತೆ. ಮೇಲೆ ಬಂದ ಮಣ್ಣಿನ ಕಡ್ಡಿಗಳನ್ನು ಗುಡಿಸಿ ತೆಗೆದು, ತೂತು ತುಂಬುವಷ್ಟು ಮರಳು ಹಾಕಿ, ಬಿಸಿಲಲ್ಲಿ ಒಣಗಿದ ಮೇಲೆ ತೆಂಗಿನ ನಾರಿನ ಚಾಪೆ ಎಳೆಯುವುದು. ಲೆಕ್ಕ ಹೀಗೆ: ಚದರ ಮೀಟರಿಗೆ 400 ತೂತು, ಅಂದರೆ ಸುಮಾರು 3.4 ಲೀಟರ್ ಮರಳು. ಒಂದು ಗ್ರೀನಿಗೆ 1.4 ಘನ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 50 ಘನ ಅಡಿ. ನೂರು ಅಡಿಯ ಒಂದು ಟ್ರ್ಯಾಕ್ಟರ್ ಲೋಡು ಎರಡು ಗ್ರೀನಿಗೆ ಸರಿಹೋಗುತ್ತದೆ. ಮೇ 15 ದಾಟಿದ ಮೇಲೆ ತೂತು ಹೊಡೆಯಬೇಡಿ. ಗಾಯ ಮುಚ್ಚಲು ಹುಲ್ಲಿಗೆ ಎರಡು ಮೂರು ವಾರದ ಬಿಸಿಲು ಬೇಕು. ತೆರೆದ ತೂತಿನ ಮೇಲೆ ಮೃಗಶಿರ ಮಳೆ ಹಿಡಿದರೆ ಒಳಗೆ ಪಾಚಿ ಕಟ್ಟುತ್ತದೆ.

ಮರಳಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಗ್ರೀನ್ ಕೆಡುವುದು ಹೆಚ್ಚಾಗಿ ಇಲ್ಲೇ. ನದಿ ಮರಳು ಸಿಗುವುದು ಕಷ್ಟ, ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಧಾರಾಳವಾಗಿದೆ. ಅದರಲ್ಲಿರುವ ಕಲ್ಲಿನ ಹಿಟ್ಟೇ ಶತ್ರು. ಹಿಟ್ಟು ಮರಳಿನ ಕಣಗಳ ನಡುವಿನ ಜಾಗ ತುಂಬಿಕೊಂಡು ನೀರು ಇಳಿಯುವುದನ್ನು ನಿಲ್ಲಿಸುತ್ತದೆ. ಗಾರೆಗೆಂದು ಮಾರುವ ಪಿ-ಸ್ಯಾಂಡ್ ಇನ್ನೂ ನುಣ್ಣಗೆ, ಅದನ್ನು ಮುಟ್ಟಲೇಬಾರದು. ತೊಳೆದ ಎಂ-ಸ್ಯಾಂಡ್ ಕೇಳಿ ತರಿಸಿ, 2 ಮಿಲಿಮೀಟರ್ ಜರಡಿಯಲ್ಲಿ ಹಿಡಿದು ದಪ್ಪ ಕಲ್ಲು ತೆಗೆಯಿರಿ. ಬಹುಪಾಲು ಕಣ ಕಾಲು ಮಿಲಿಮೀಟರಿಂದ 1 ಮಿಲಿಮೀಟರಿನೊಳಗೆ ಇರಬೇಕು. ಲೋಡು ಇಳಿಸುವ ಮುನ್ನ ಗಾಜಿನ ಬಾಟಲಿಗೆ ಅರ್ಧ ಮರಳು, ಮುಕ್ಕಾಲುವರೆಗೆ ನೀರು ಹಾಕಿ ಕುಲುಕಿ ಗಂಟೆ ಹೊತ್ತು ಬಿಡಿ. ಮರಳಿನ ಮೇಲೆ ಬೂದಿ ಬಣ್ಣದ ಪದರ ಕಣ್ಣಿಗೆ ಕಾಣುವಷ್ಟು ಕೂತರೆ ಲೋಡು ವಾಪಸ್ ಕಳಿಸಿ. ಒಂದೇ ಕ್ರಷರಿನ ಮರಳನ್ನೇ ಪ್ರತಿ ವರ್ಷ ಬಳಸುವುದು ಒಳ್ಳೆಯದು. ಬೇರೆ ಬೇರೆ ಮರಳು ಪದರ ಪದರವಾಗಿ ಕೂತರೆ ನೀರು ಆ ಗಡಿಯಲ್ಲೇ ನಿಂತು ಬೇರು ಕೊಳೆಯುತ್ತದೆ.

ಅದೇ ಹೊತ್ತಿಗೆ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಬಿಡಿಸುವ ಕೆಲಸ, ನಡೆಯುತ್ತದೆ. ಕಸಿ ಮಾಡುವವರನ್ನು ಗ್ರೀನಿನ ಪೂರ್ವ ದಿಕ್ಕಿನ ಮರಗಳಿಗೆ ಮೊದಲು ಹತ್ತಿಸಿ. ಬೆಳಗಿನ ಬಿಸಿಲು ತಡೆಯುವ ಸಿಲ್ವರ್ ಓಕ್ ಒಂದಿದ್ದರೆ ಮಳೆಗಾಲದಲ್ಲಿ ಆ ಗ್ರೀನ್ ಒಣಗುವುದೇ ಇಲ್ಲ. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಕಡಿಯಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ರೆಂಬೆ ಬಿಡಿಸಿದರೆ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೀನಿನ ಕೆಲಸವೆಂದರೆ ನೀರು ಹೊರಗೆ ಕಳಿಸುವುದು. ಒಂದು ಇಂಚು ಮಳೆಗೆ ಒಂದು ಗ್ರೀನಿನ ಮೇಲೆ 10,000 ಲೀಟರ್ ನೀರು ಬೀಳುತ್ತದೆ. ಪುಷ್ಯ, ಆಶ್ಲೇಷದಲ್ಲಿ ಒಂದೇ ದಿನ ನಾಲ್ಕೈದು ಇಂಚು ಬರುವುದುಂಟು. ಗ್ರೀನಿನ ತಳ ಹೀಗಿರಬೇಕು: ಕೆಳಗೆ ತೂತಿನ ಪೈಪು, ಅದರ ಮೇಲೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು. ಪೈಪುಗಳ ನಡುವೆ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಂತರ ಬೇಡ. ಹಳೆಯ ಮಣ್ಣಿನ ಗ್ರೀನನ್ನು ಒಮ್ಮೆಗೇ ಅಗೆದು ಕಟ್ಟಲಾಗದಿದ್ದರೆ, ಮೇಲ್ಭಾಗದಿಂದ ಹರಿದು ಬರುವ ನೀರನ್ನು ತಡೆಯುವ ಅಡ್ಡಚರಂಡಿಯನ್ನಾದರೂ ಮೊದಲು ಮಾಡಿ. ಗ್ರೀನಿನ ಅಂಚಿಂದ ಮೂರು ನಾಲ್ಕು ಮೀಟರ್ ಮೇಲೆ, ಒಂದೂವರೆ ಅಡಿ ಆಳ, ಜಲ್ಲಿ ತುಂಬಿ. ನಮ್ಮ ಅನುಭವದಲ್ಲಿ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ತೋಟದ ಆಳುಗಳಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಫಿಯಲ್ಲಿ ಅವರಿಗೆ ರೂಢಿಯಾಗಿರುವುದು ನೀರು ನಿಲ್ಲಿಸುವ ತೊಟ್ಟಿಲು ಗುಂಡಿ, ಇಲ್ಲಿ ಬೇಕಾದ್ದು ಅದಕ್ಕೆ ತದ್ವಿರುದ್ಧ. ಚರಂಡಿಯ ಬಾಯಿ ಮಣ್ಣು ಕಡಿದ ಇಳಿಜಾರಿನ ತಲೆಯ ಮೇಲೆ ಬೀಳಬಾರದು, ತೋಡಿನವರೆಗೂ ಒಯ್ದು ಬಿಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ.

ಮಳೆಗಾಲದಲ್ಲಿ ಗ್ರೀನಿನ ಹುಲ್ಲನ್ನು 4 ಮಿಲಿಮೀಟರಿಂದ 6–7ಕ್ಕೆ ಏರಿಸುತ್ತೇವೆ. ಮೋಡದ ದಿನಗಳಲ್ಲಿ ಎಲೆ ಹೆಚ್ಚಿದ್ದಷ್ಟೂ ಒಳ್ಳೆಯದು. ಜೋರು ಮಳೆಯ ವಾರಗಳಲ್ಲಿ ಗ್ರೀನ್ ಮುಚ್ಚಿ, ಅದರ ಎದುರಿನ ಫೇರ್‌ವೇಯಲ್ಲಿ ತಾತ್ಕಾಲಿಕ ಕಪ್ ಇಡುವುದು. ಹಸಿ ಗ್ರೀನಿನ ಮೇಲೆ ನಾಲ್ಕು ಜನ ಓಡಾಡಿದರೆ ಮೇಲ್ಪದರ ಅರೆದಂತಾಗಿ ಪಾಚಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಫೇರ್‌ವೇಗೆ ರೀಲ್ ಮಷೀನು (ಉರುಳೆಯಂತೆ ತಿರುಗುವ ಬ್ಲೇಡಿನ ಹುಲ್ಲು ಕತ್ತರಿಸುವ ಯಂತ್ರ) ಇಳಿಸುವ ಹಾಗಿಲ್ಲ, ಚಕ್ರ ಹೂತುಕೊಳ್ಳುತ್ತದೆ. ತೋಟದ ವೀಡ್ ಕಟರಿನಲ್ಲೇ ಆಗಾಗ ಹೊಡೆಸಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಬಿಳಿ ಕಾಂಡ ಬಯಲಾಗಿ ಕೊಳೆರೋಗ ಹಿಡಿಯುತ್ತದೆ.

ಈ ಅವಧಿಯಲ್ಲಿ ಯೂರಿಯಾ ಸುರಿಯುವುದರಲ್ಲಿ ಅರ್ಥವಿಲ್ಲ, ಸ್ವಲ್ಪ ತೊಳೆದುಹೋಗುತ್ತದೆ, ಉಳಿದದ್ದು ಹುಲ್ಲನ್ನು ಮೆತ್ತಗೆ ಮಾಡುತ್ತದೆ. ಬದಲಿಗೆ ಮೇ ಕೊನೆಯಲ್ಲಿ ಗ್ರೀನಿಗೆ 2.5 ಕೆ.ಜಿ. ಪೊಟ್ಯಾಷ್ ಹಾಕಿ ನೀರು ಕೊಡುತ್ತೇವೆ. ಮಳೆ ಬಿಡುವು ಕೊಟ್ಟಾಗ 400–800 ಗ್ರಾಂ ಫೆರಸ್ ಸಲ್ಫೇಟನ್ನು 40 ಲೀಟರ್ ನೀರಿನಲ್ಲಿ ಕರಗಿಸಿ ಒಂದು ಗ್ರೀನಿಗೆ ಸಿಂಪಡಿಸಿದರೆ ಬಣ್ಣವೂ ಬರುತ್ತದೆ, ಪಾಚಿಯೂ ತಗ್ಗುತ್ತದೆ. ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಕೆ. ಪಾಚಿ ಹಬ್ಬಿಬಿಟ್ಟರೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ. ಕಾಳುಮೆಣಸಿಗೆ ಮಾಡಿದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಉಳಿದಿದೆಯೆಂದು ಗ್ರೀನಿಗೆ ಹೊಡೆಯಬೇಡಿ. ತಾಮ್ರ ಮಣ್ಣಿನಲ್ಲಿ ಉಳಿದುಕೊಂಡು ವರ್ಷವರ್ಷಕ್ಕೂ ಹೆಚ್ಚುತ್ತಾ ಹೋಗುತ್ತದೆ.

ಇನ್ನು ಪ್ರಾಣಿಗಳು. ಏಪ್ರಿಲ್–ಮೇ ತಿಂಗಳ ಮೊದಲ ಮಳೆಗೆ ಮುಸ್ಸಂಜೆ ಜೀರುಂಡೆಗಳು ಏಳುತ್ತವೆ, ಅವುಗಳ ಮರಿಯೇ ಬೇರು ತಿನ್ನುವ ಗೊಣ್ಣೆ ಹುಳು. ಹುಳು ಇದ್ದಲ್ಲಿಗೆ ಕಾಡುಹಂದಿ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗ್ರೀನಿನ ಅಂಚಲ್ಲಿ ಒಂದು ಚದರ ಅಡಿ ಹುಲ್ಲನ್ನು ಮೂರು ಬದಿ ಕೊಯ್ದು ಚಾಪೆಯ ಹಾಗೆ ಮಡಚಿ ನೋಡಿ. ಐದಾರು ಹುಳು ಕಂಡರೆ ಔಷಧಿ ಮಾಡಲೇಬೇಕು. ನಾವು ಕಾಂಪೋಸ್ಟಿನಲ್ಲಿ ಬೆಳೆಸಿದ, ಹುಳು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಮುಂಗಾರಿನ ಶುರುವಲ್ಲೇ ಗ್ರೀನಿನ ಸುತ್ತ ಹಾಕುತ್ತೇವೆ. ಹಂದಿಗೆ ಸೋಲಾರ್ ಬೇಲಿಯ ಕೆಳಗಿನ ತಂತಿ ನೆಲದಿಂದ 20–25 ಸೆಂಟಿಮೀಟರಿನಲ್ಲೇ ಇರಬೇಕು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬೇಲಿಯ ಬುಡ ಸವರಿಸಬೇಕು.

ಆನೆಯದು ಬೇರೆಯೇ ಲೆಕ್ಕ. ಹಲಸಿನ ಮರ ಗ್ರೀನಿನ ಹತ್ತಿರ ಇದ್ದರೆ ಕಾಯಿಗಳನ್ನು ಎಳೆಯದಾಗಿರುವಾಗಲೇ ಕೆಡವಿಸಿ. ಹಣ್ಣಿನ ವಾಸನೆ ಬಂದ ಮೇಲೆ ಯಾವ ಬೇಲಿಯೂ ನಿಲ್ಲುವುದಿಲ್ಲ. ಹಸಿ ಗ್ರೀನಿನ ಮೇಲೆ ಆನೆಯ ಹೆಜ್ಜೆ ಒಂದು ಗೇಣಿನವರೆಗೂ ಇಳಿಯುತ್ತದೆ, ಸುತ್ತ ಅಂಚು ಉಬ್ಬುತ್ತದೆ, ತಳ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೇಲಿಂದ ಮಣ್ಣು ತುಂಬಿ ತುಳಿದರೆ ಆಯಿತೆಂದು ಎಲ್ಲರಿಗೂ ಅನಿಸುವುದು ಸಹಜ. ಆದರೆ ಕೆಮ್ಮಣ್ಣು ತುಂಬಿದ ಜಾಗ ಬಟ್ಟಲಿನ ಹಾಗೆ ನೀರು ಹಿಡಿದು, ಮುಂದಿನ ಮಳೆಗಾಲಕ್ಕೆ ಅಲ್ಲೊಂದು ದುಂಡನೆಯ ಪಾಚಿ ಮೂಡುತ್ತದೆ. ಸರಿಯಾದ ಕ್ರಮ: ಹೆಜ್ಜೆಗಿಂತ ಒಂದು ಗೇಣು ಹೊರಗೆ ಹುಲ್ಲನ್ನು ಕೊಯ್ದು ಎತ್ತಿ ನೆರಳಲ್ಲಿಡಿ. ತಳವನ್ನು ಫೋರ್ಕಿನಿಂದ ಸಡಿಲಿಸಿ, ಗ್ರೀನಿನದೇ ಮರಳನ್ನು ಎರಡು ಪದರದಲ್ಲಿ ಹಾಕಿ ಪ್ರತಿ ಪದರವನ್ನೂ ಹಿಮ್ಮಡಿಯಲ್ಲಿ ತುಳಿಯಿರಿ. ಹುಲ್ಲನ್ನು ಸುತ್ತಲಿನ ಮಟ್ಟಕ್ಕಿಂತ 5 ಮಿಲಿಮೀಟರ್ ಎತ್ತರ ಕೂರಿಸಿ, ಸಂದಿಗೆ ಮರಳು ಉದುರಿಸಿ. ಎರಡು ವಾರದಲ್ಲಿ ತಾನೇ ಮಟ್ಟಕ್ಕೆ ಇಳಿಯುತ್ತದೆ. ಹರಿದುಹೋದ ಹುಲ್ಲಿಗೆ ನರ್ಸರಿಯ ತುಂಡು. ಹಂದಿ ಮಗುಚಿದ ಹುಲ್ಲಾದರೆ ಬಿಸಿಲೇರುವ ಮೊದಲೇ ತಿರುಗಿಸಿ ಹಾಕಿ ರೋಲರ್ ಎಳೆದರೆ ಬಹುಪಾಲು ಬದುಕುತ್ತದೆ.

ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ) ಮುಗಿದು ಬಿಸಿಲು ಸ್ಥಿರವಾದಾಗ ಹುಲ್ಲಿನ ಎತ್ತರವನ್ನು ವಾರಕ್ಕೆ ಅರ್ಧ ಮಿಲಿಮೀಟರಿನಂತೆ ಇಳಿಸುತ್ತಾ ಬರಬೇಕು. ಅವಸರಪಟ್ಟು ಒಮ್ಮೆಗೇ 4ಕ್ಕೆ ಇಳಿಸಿದರೆ ಗ್ರೀನ್ ಹಳದಿಯಾಗಿ, ನವೆಂಬರ್–ಡಿಸೆಂಬರಿನ ಹುತ್ತರಿ ಹಬ್ಬದವರೆಗೂ ಸುಧಾರಿಸುವುದಿಲ್ಲ. ಅಕ್ಟೋಬರ್‌ನಲ್ಲಿ ಮಣ್ಣು ಪರೀಕ್ಷೆ. ಇಷ್ಟು ಮಳೆ ತೊಳೆದ ಮಣ್ಣು ಹುಳಿಯಾಗಿರುವುದು ಸಾಮಾನ್ಯ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಗ್ರೀನಿಗೆ 20 ಕೆ.ಜಿ. ಡಾಲೊಮೈಟ್ ಸುಣ್ಣ, ಅದಕ್ಕಿಂತ ಹೆಚ್ಚು ಬೇಕಾದರೆ ಎರಡು ಕಂತಿನಲ್ಲಿ. ಸುಣ್ಣ ಹಾಕಿ ಮೂರು ನಾಲ್ಕು ವಾರ ಯೂರಿಯಾ, ಅಮೋನಿಯಂ ಸಲ್ಫೇಟ್ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ. ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಆಮೇಲೆ ಹದಿನೈದು ದಿನಕ್ಕೊಮ್ಮೆ ಗ್ರೀನಿಗೆ 3 ಕೆ.ಜಿ. ಅಮೋನಿಯಂ ಸಲ್ಫೇಟ್, ಹಾಕಿದ ಕೂಡಲೇ ನೀರು.

ಚಳಿಗಾಲ ಸಲೀಸು. ಇಬ್ಬನಿಯನ್ನು ಮಾತ್ರ ಮೊದಲು ಕೆಡವಬೇಕು: ಇಬ್ಬರು ಎರಡು ತುದಿ ಹಿಡಿದು ಉದ್ದನೆಯ ಹಗ್ಗವನ್ನು ಗ್ರೀನಿನ ಮೇಲೆ ಎಳೆದುಕೊಂಡು ಹೋದರೆ ಸಾಕು. ಎಲೆ ಬೇಗ ಒಣಗಿ ರೋಗ ಕಡಿಮೆಯಾಗುತ್ತದೆ, ಕತ್ತರಿಸಿದ ಹುಲ್ಲು ಮುದ್ದೆಯಾಗುವುದಿಲ್ಲ. ತೊಂದರೆ ಆಳುಗಳದ್ದು. ಆಡುವವರು ಹೆಚ್ಚು ಬರುವ ತಿಂಗಳುಗಳಲ್ಲೇ ಕಾಫಿ ಕುಯ್ಲು. ಕುಯ್ಲಿಗೆ ಕಳಿಸದ ಇಬ್ಬರನ್ನು ವರ್ಷಪೂರ್ತಿ ಗ್ರೀನಿಗೇ ಎಂದು ಇಡದಿದ್ದರೆ ಕೋರ್ಸು ನಡೆಯುವುದಿಲ್ಲ. 21 ಇಂಚಿನ ಮಷೀನಿನಲ್ಲಿ ಒಂದು ಗ್ರೀನಿಗೆ 20 ನಿಮಿಷ, ಒಂಬತ್ತಕ್ಕೆ ಮೂರು ಗಂಟೆ. ಕಪ್ ಬದಲಿಸುವ ಕೆಲಸವೂ ಅವರದೇ. ಹಳೆಯ ಕಪ್ಪಿನ ಜಾಗಕ್ಕೆ ಕೂರಿಸಿದ ಮಣ್ಣಿನ ಬಿಲ್ಲೆ ಎತ್ತರವಾದರೆ ಬ್ಲೇಡು ಸವರಿ ಬೋಳಾಗುತ್ತದೆ, ತಗ್ಗಾದರೆ ಬಾಲು ಜಿಗಿಯುತ್ತದೆ. ಬೆರಳಾಡಿಸಿ ಮಟ್ಟ ನೋಡುವುದನ್ನು ಅಭ್ಯಾಸ ಮಾಡಿಸಿ.

ಫೆಬ್ರವರಿಯಿಂದ ಮನೆಯಲ್ಲಿ ವಾದ ಶುರುವಾಗುವುದು ಕೆರೆಯ ನೀರಿಗೆ. ರೋಬಸ್ಟಾಗೆ ಹೂ ಅರಳಿಸುವ ಹೂವಿನ ನೀರು, ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ (ಎರಡನೇ ಸುತ್ತಿನ) ನೀರು ಬೇಕು, ಪಂಪು ಹಗಲೂ ರಾತ್ರಿ ಅಲ್ಲೇ. ಲೆಕ್ಕ ಎದುರಿಗಿಟ್ಟರೆ ವಾದ ತಣ್ಣಗಾಗುತ್ತದೆ. ಒಂದು ಎಕರೆ ಕಾಫಿಗೆ ಒಂದು ಇಂಚು ನೀರೆಂದರೆ ಸುಮಾರು 1,03,000 ಲೀಟರ್. ಒಂಬತ್ತು ಗ್ರೀನಿಗೆ ದಿನಕ್ಕೆ 5 ಮಿಲಿಮೀಟರಿನಂತೆ 18,000 ಲೀಟರ್. ಒಂದು ಎಕರೆಯ ಹೂವಿನ ನೀರಿನಲ್ಲಿ ಗ್ರೀನುಗಳು ಐದಾರು ದಿನ ಬದುಕುತ್ತವೆ. ಫೇರ್‌ವೇಗೆ ಈ ತಿಂಗಳುಗಳಲ್ಲಿ ಒಂದು ಹನಿಯೂ ಇಲ್ಲ. ಅದು ಕಂದಾಗಲಿ, ಗರಿಕೆ ಸಾಯುವುದಿಲ್ಲ, ಹೂ ಮಳೆ ಬಿದ್ದ ವಾರದಲ್ಲಿ ಹಸಿರಾಗುತ್ತದೆ.

ಕಾಫಿಯ ಸ್ಪ್ರಿಂಕ್ಲರ್ ಜೆಟ್ಟನ್ನು ಗ್ರೀನಿಗೆ ತಿರುಗಿಸಬೇಡಿ. ಅದರ ದಪ್ಪ ಹನಿ ಮರಳನ್ನು ಕೆದಕಿಬಿಡುತ್ತದೆ. ನಾಲ್ಕು 5,000 ಲೀಟರಿನ ಟ್ಯಾಂಕುಗಳನ್ನು ಎತ್ತರದ ಜಾಗದಲ್ಲಿಟ್ಟು, ತ್ರೀ ಫೇಸ್ ಕರೆಂಟು ಇರುವಾಗ ತುಂಬಿಸಿಕೊಂಡರೆ ಕರೆಂಟಿನ ಹೊತ್ತಿಗೆ ಕಾಯಬೇಕಿಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆ.ಜಿ. ಪ್ರೆಷರ್ ಸಿಗುತ್ತದೆ. ಇಂಚಿನ ಹೋಸಿಗೆ ಶವರ್ ಮೂತಿ ಹಾಕಿ ಕೈಯಲ್ಲೇ ಹಿಡಿಯುವುದು. 20 ಲೀಟರ್ ಬಕೆಟ್ ಅರ್ಧ ನಿಮಿಷದಲ್ಲಿ ತುಂಬಿದರೆ ಒಂದು ಗ್ರೀನಿನ 2,000 ಲೀಟರಿಗೆ 50 ನಿಮಿಷ. ದಿನಾ ಒಂಬತ್ತಕ್ಕೂ ಅಷ್ಟಷ್ಟು ಕೊಡುವ ಬದಲು, ಅರ್ಧದಷ್ಟು ಗ್ರೀನುಗಳಿಗೆ ದಿನ ಬಿಟ್ಟು ದಿನ ಎರಡರಷ್ಟು ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಹುಲ್ಲು ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿ, ಹೆಜ್ಜೆ ಗುರುತು ಹಾಗೇ ಉಳಿದರೆ ಅಲ್ಲಿ ನೀರು ಸಾಲದು. ಎಷ್ಟು ಕೊಟ್ಟರೂ ಒಂದೆಡೆ ನೀರು ಉರುಳಿ ಹೋಗುತ್ತಿದ್ದರೆ ಮರಳು ನೀರನ್ನು ಹೀರುತ್ತಿಲ್ಲ. ಫೋರ್ಕಿನಿಂದ ಚುಚ್ಚಿ, ವೆಟ್ಟಿಂಗ್ ಏಜೆಂಟ್ (ಮರಳು ನೀರು ಹೀರುವಂತೆ ಮಾಡುವ ರಾಸಾಯನಿಕ) ಬೆರೆಸಿದ ನೀರು ಕೊಡಬೇಕು.

ಮಷೀನಿನ ಬಗ್ಗೆ: ಹುಲ್ಲಿನ ತುದಿ ಬಿಳಿಯಾಗಿ ಸೀಳಿದಂತೆ ಕಂಡರೆ ರೀಲ್ ಮೊಂಡಾಗಿದೆ. ದಿನಪತ್ರಿಕೆಯ ಪಟ್ಟಿಯನ್ನು ರೀಲ್ ಮತ್ತು ಬೆಡ್‌ನೈಫಿನ (ಕೆಳಗಿನ ತಿರುಗದ ಅಲಗಿನ) ನಡುವೆ ಹಿಡಿದು ರೀಲನ್ನು ಕೈಯಲ್ಲಿ ತಿರುಗಿಸಿ. ಎಡದಿಂದ ಬಲದವರೆಗೆ ಒಂದೇ ಸಮನೆ ಕತ್ತರಿಸಬೇಕು. ಇಲ್ಲದಿದ್ದರೆ ಗ್ರೈಂಡಿಂಗ್ ಪೇಸ್ಟಿಗೆ ಸೋಪಿನ ನೀರು ಬೆರೆಸಿ ಬ್ರಷ್‌ನಲ್ಲಿ ಹಚ್ಚುತ್ತಾ ರೀಲನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಪತ್ರಿಕೆ ಹಿಡಿದು ನೋಡಿ. ಎತ್ತರವನ್ನು ಎರಡೂ ತುದಿಯಲ್ಲಿ ಗೇಜ್ ಬಾರ್ ಇಟ್ಟು ಅಳೆಯಬೇಕು, ಒಂದೇ ತುದಿ ನೋಡಿದರೆ ಗ್ರೀನಿನಲ್ಲಿ ಪಟ್ಟೆ ಮೂಡುತ್ತದೆ. ಮಳೆಗಾಲದಲ್ಲಿ ತೊಳೆದ ಮೇಲೆ ರೋಲರ್ ಬೇರಿಂಗಿಗೆ ಹೊಸ ಗ್ರೀಸ್ ಹೊರಗೆ ಕಾಣುವವರೆಗೆ ತುಂಬಿ. ಎಥೆನಾಲ್ ಬೆರೆಸಿದ ಪೆಟ್ರೋಲ್ ತೇವ ಹೀರಿ ಕಾರ್ಬ್ಯುರೇಟರ್ ಕಟ್ಟಿಸುತ್ತದೆ, ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೂರ್ತಿ ಬಸಿಯಬೇಕು. ಒಂದು ಬೆಡ್‌ನೈಫ್, ಅದರ ಸ್ಕ್ರೂ, ಒಂದು ಜೊತೆ ಬೇರಿಂಗು, ಸೀಲು ಮತ್ತು ಬೆಲ್ಟು ಮನೆಯಲ್ಲೇ ಇರಲಿ. ಬೆಂಗಳೂರಿಂದ ಬಿಡಿಭಾಗ ತರಿಸುವಷ್ಟರಲ್ಲಿ ಅಕ್ಟೋಬರಿನ ಹುಲ್ಲು ಗ್ರೀನಿನ ಅಳತೆ ಮೀರಿ ಬೆಳೆದಿರುತ್ತದೆ.