ಗುರಿ ಹಾಕ್ಕೊಳ್ಳೋಕೆ ಜನವರಿ 1ಕ್ಕೇ ಕಾಯ್ಬೇಕಿಲ್ಲ

ರಾತ್ರಿ ಸುಸ್ತಾಗಿ ಮಲಗೋ ಟೈಮಲ್ಲಿ, ಇಲ್ಲಾ ಯಾರ ಮೇಲೋ ಸಿಟ್ಟು ಬಂದಾಗ ನಾಳೆಯಿಂದ ನೋಡ್ತಿರಿ ಅಂತ ಗುರಿ ಹಾಕ್ಕೊಂಡ್ರೆ ಅದು ಬೆಳಗ್ಗೆ ಅಲಾರಾಂ ಹೊಡೆಯೋವರೆಗೂ ಉಳಿಯಲ್ಲ, ನಂದೇ ಎಷ್ಟೋ ಸಲ ಹಂಗಾಗಿದೆ. ನಿದ್ದೆ ಆಗಿ ತಲೆ ತಣ್ಣಗಿರೋವಾಗ ಕೂತು ಬರೀರಿ. ಶುರು ಮಾಡೋಕೆ ಸೋಮವಾರ, ತಿಂಗಳ ಮೊದಲ ದಿನ, ಬರ್ತ್‌ಡೇ ಆದ್ಮೇಲೆ, ಹೀಗೆ ಹೊಸದು ಅನ್ಸೋ ದಿನ ನೋಡ್ಕೊಳಿ. 2014ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತವರ ಜೊತೆಗಾರರ ಸ್ಟಡೀಲೂ ಇಂಥ ದಿನಗಳಾದ್ಮೇಲೆ ಜನ ಜಿಮ್‌ಗೆ ಹೋಗೋದು ಜಾಸ್ತಿ ಆಗುತ್ತೆ ಅಂತ ಕಂಡುಬಂದಿತ್ತು (ಎಷ್ಟು ದಿನ ಹೋಗ್ತಾರೆ ಅನ್ನೋದು ಬೇರೆ ಕಥೆ ಬಿಡಿ). ಆದ್ರೆ ಮನೆ ಶಿಫ್ಟಿಂಗು, ಎಕ್ಸಾಮು, ಆಫೀಸಲ್ಲಿ ಡೆಡ್‌ಲೈನು ಇರೋ ವಾರ ಬೇಡ್ವೇ ಬೇಡ, ಮುಂದಿನ ಎರಡು ವಾರ ಸ್ವಲ್ಪನಾದ್ರೂ ಖಾಲಿ ಇದ್ಯಾ ನೋಡ್ಕೊಂಡು ಆಮೇಲೆ ಡೇಟ್ ಫಿಕ್ಸ್ ಮಾಡಿ.