ಇಪ್ಪತ್ತೈದರ ವಯಸ್ಸಿಗೆ ಆರೋಗ್ಯ ವಿಮೆ: ಕಲಬುರಗಿಯಲ್ಲಿ ಕುಳಿತು ಆರಿಸುವಾಗ

ಮೊದಲು ನೋಡಬೇಕಾದ್ದು ಪ್ರೀಮಿಯಂ ಅಲ್ಲ, ಆಸ್ಪತ್ರೆಗಳ ಪಟ್ಟಿ. ಕಲಬುರಗಿಯಲ್ಲಿ ಕಾಯಿಲೆ ಜೋರಾದರೆ ಮಂದಿ ಸೊಲ್ಲಾಪುರ ಇಲ್ಲವೇ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಹಾಗಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಮೂರೂ ಊರುಗಳ ಕ್ಯಾಶ್‌ಲೆಸ್ ಆಸ್ಪತ್ರೆಗಳನ್ನು (ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವಂಥವು) ಹುಡುಕಿ, ನೀವು ನಿಜಕ್ಕೂ ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಹೆಚ್ಚು ಜನ ಎಡವುವುದು ಕೋಣೆ ಬಾಡಿಗೆಯ ಮಿತಿಯಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ಮಿತಿ ವಿಮಾ ಮೊತ್ತದ ಶೇ. 1 ಎಂದರೆ ದಿನಕ್ಕೆ 5,000 ರೂಪಾಯಿ. ನೀವು 10,000ದ ಕೋಣೆ ಹಿಡಿದರೆ ಕತ್ತರಿ ಬೀಳುವುದು ಬಾಡಿಗೆಗಷ್ಟೇ ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಬಿಲ್ಲಿಗೆ ಕಂಪನಿ ಕೊಡುವ ಹಣವೂ ಅರ್ಧಕ್ಕಿಳಿಯಬಹುದು. ಔಷಧಿ, ಇಂಪ್ಲಾಂಟ್‌ಗಳಿಗೆ (ದೇಹದೊಳಗೆ ಕೂರಿಸುವ ಸಾಧನಗಳಿಗೆ) ಈ ಕಡಿತವಿಲ್ಲ. ನಾಲ್ಕು ಕಾಸು ಹೆಚ್ಚಾದರೂ ಮಿತಿ ಇಲ್ಲದ್ದೇ ಲೇಸು. ಕೋ-ಪೇ, ಅಂದರೆ ಪ್ರತಿ ಬಿಲ್ಲಿನ ಒಂದು ಪಾಲನ್ನು ನೀವೇ ಕಟ್ಟುವ ಷರತ್ತು, ಇರುವುದು ಈ ವಯಸ್ಸಿಗೆ ಬೇಡವೇ ಬೇಡ.

ಪಾಲಿಸಿ ತಗೊಂಡ ಮೊದಲ 30 ದಿನ ಅಪಘಾತಕ್ಕೆ ಮಾತ್ರ ರಕ್ಷಣೆ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಥೈರಾಯ್ಡ್, ಆಸ್ತಮಾ, ಹಳೆ ಆಪರೇಷನ್, ಸಿಗರೇಟು ಎಲ್ಲವನ್ನೂ ಅರ್ಜಿಯಲ್ಲಿ ಬರೆಯಿರಿ. ಏಜೆಂಟ್ “ಅದೇನು ಬೇಡ ಬಿಡ್ರಿ” ಅಂದರೂ ಸಹಿ ನಿಮ್ಮದೇ, ಕ್ಲೇಮ್ ತಿರಸ್ಕಾರವಾದರೆ ನಷ್ಟವೂ ನಿಮ್ಮದೇ.

ಆಫೀಸಿನ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟಾಗಲೇ ನಿಲ್ಲುತ್ತದೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆ ಯೋಜನೆಯ ಕಾರ್ಡನ್ನು ಮೊದಲು ಮಾಡಿಸಿ. ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು.